ಕುಶಲಕರ್ಮಿಗಳ ಬಂಧು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ಜ್ಞಾನೋಕ್ತಿಗಳ ಕಡೆಯ ಅಧ್ಯಾಯದಲ್ಲಿ ವರ್ಣಿತಳಾದ ಗುಣವತಿಯನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಆಕೆಯು ನೂಲುವಳು, ಬಟ್ಟೆಯನ್ನು ಸಿದ್ಧಪಡಿಸುವಳು ಎಂಬುದು ನಮ್ಮ ನೆನಪಿನಲ್ಲಿರುವುದು. ಸಿದ್ಧಪಡಿಸಿದುದನ್ನು ವರ್ತಕರಿಗೆ ಮಾರಿ ತನ್ನ ವ್ಯಾಪಾರದ ಲಾಭವನ್ನೂ ಅರಿತುಕೊಳ್ಳುವಳೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಕೈಗೆಲಸವು ಎಷ್ಟು ಗೌರವದ್ದೋ, ಅದಕ್ಕೆ ತಕ್ಕ ಬೆಲೆಯನ್ನು ಪಡೆಯುವುದೂ ಅಷ್ಟೇ ಗೌರವದ್ದು. ಈ ಸತ್ಯಕ್ಕಾಗಿ ದುಡಿದ ಕನ್ನಡನಾಡಿನ ಮಗಳೊಬ್ಬಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಶ್ರೀಮತಿ ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ನೆಯ ತಾರೀಖಿನಲ್ಲಿ ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ವಿದ್ಯಾಭಿರುಚಿಯುಳ್ಳ ಧೀರಸ್ತ್ರೀ. ಕಮಲಾದೇವಿಯು ಏಳು ವರ್ಷದ ಬಾಲಿಕೆಯಾಗಿದ್ದಾಗ ತಂದೆಯವರು ಮರಣಶಾಸನವನ್ನು ಬರೆದಿಡದೆ ತೀರಿಕೊಂಡರು. ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲವೂ ಮೊದಲನೆಯ ಹೆಂಡತಿಯ ಮಗನಿಗೆ ಸೇರಿತು. ಇವರ ಪಾಲಿಗೆ ತಿಂಗಳ ಜೀವನಾಂಶವೊಂದು ಉಳಿಯಿತು. ಗಿರಿಜಾಬಾಯಿಯವರು ಅದನ್ನು ನಿರಾಕರಿಸಿ, ತವರಿನಿಂದ ತಂದ ಸ್ವತ್ತಿನಿಂದಲೇ ಮಕ್ಕಳನ್ನು ಸಾಕಿದರು. ಹಕ್ಕಿಗೂ ದಾನಕ್ಕೂ ಇರುವ ಅಂತರದ ಮೊದಲ ಪಾಠವು ಬಾಲಿಕೆಗೆ ಮನೆಯಲ್ಲಿಯೇ ಆಯಿತೆನ್ನಬಹುದು.

ಎಳೆಯ ವಯಸ್ಸಿನಲ್ಲಿ ವಿವಾಹವಾಗಿ, ಎರಡೇ ವರ್ಷಗಳಲ್ಲಿ ವೈಧವ್ಯದ ದುಃಖವು ಆಕೆಗೆ ಪ್ರಾಪ್ತವಾಯಿತು. ಆದರೂ ಮೂಲೆ ಸೇರದೆ ಮದ್ರಾಸಿನಲ್ಲಿ ವ್ಯಾಸಂಗಮಾಡಿ, ಜನಾಪವಾದಕ್ಕೆ ಅಂಜದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವಿವಾಹವಾದರು. ಆ ದಾಂಪತ್ಯವೂ ಕಡೆಯವರೆಗೆ ನಿಲ್ಲಲಿಲ್ಲ. ಆಕೆಯ ಸೇವಾವ್ರತವು ನಿಂತಿತು. ಹುಬ್ಬಳ್ಳಿಯ ಡಾಕ್ಟರ್ ಹರ್ಡೀಕರರು ಸ್ಥಾಪಿಸಿದ ಹಿಂದುಸ್ತಾನೀ ಸೇವಾದಳವನ್ನು ಸೇರಿ, ಅದರ ಸ್ತ್ರೀವಿಭಾಗದ ಭಾರವನ್ನು ಹೊತ್ತರು.

ಈ ಕಾಲದಲ್ಲಿಯೇ, 1924ನೆಯ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ನೆರೆಯಿತು. ಸದಸ್ಯರಾದವರು ತಿಂಗಳಿಗೆ 2000 ಗಜ ನೂಲನ್ನು ಸಲ್ಲಿಸಬೇಕೆಂಬ ನಿಯಮಕ್ಕೆ ಇಲ್ಲಿಯೇ ಒಪ್ಪಿಗೆ ದೊರೆಯಿತು. ನೂಲುವ ಬಡ ಸ್ತ್ರೀಯ ಕೈಗೂ ರಾಷ್ಟ್ರದ ಕಾರ್ಯದಲ್ಲಿ ಸ್ಥಾನವುಂಟೆಂದು ಈ ಪಟ್ಟಣವು ಕಂಡಿತು. 1930ರಲ್ಲಿ ಕಮಲಾದೇವಿಯವರು ಮುಂಬಯಿಯ ಬೀದಿಗಳಲ್ಲಿ ಕಾಯಿದೆ ಮೀರಿ ತಯಾರಿಸಿದ ಉಪ್ಪಿನ ಪೊಟ್ಟಣಗಳನ್ನು ಮಾರಿ ಸೆರೆಮನೆಗೆ ಹೋದರು.

ಸ್ವಾತಂತ್ರ್ಯವು ಬಂದ ಮೇಲೆ ಅವರ ದೃಷ್ಟಿಯು ನಿರಾಶ್ರಿತರ ಮೇಲೂ ಕೈಕಸಬಿನವರ ಮೇಲೂ ಹರಿಯಿತು. 1948ರಲ್ಲಿ ಭಾರತೀಯ ಸಹಕಾರೀ ಸಂಘವನ್ನು ಸ್ಥಾಪಿಸಿ, ದೇಶವಿಭಜನೆಯಿಂದ ನಿರ್ವಸಿತರಾದವರು ಫರೀದಾಬಾದಿನಲ್ಲಿ ತಮ್ಮ ದುಡಿಮೆಯಿಂದಲೇ ನೆಲೆಯೂರುವಂತೆ ಶ್ರಮಿಸಿದರು. 1952ರಲ್ಲಿ ಅಖಿಲಭಾರತ ಕರಕುಶಲ ಮಂಡಲಿಯು ಏರ್ಪಟ್ಟಾಗ ಅದರ ಮುಖಂಡತ್ವವು ಇವರಿಗೆ ಬಂದಿತು. ಗ್ರಾಮ ಗ್ರಾಮಗಳನ್ನು ಸುತ್ತಿ, ಅಳಿದುಹೋಗುತ್ತಿದ್ದ ಕಸಬುಗಳನ್ನು ಹುಡುಕಿದರು. ಆದರೆ ಕಸಬನ್ನು ಹೊಗಳಿದ ಮಾತ್ರದಿಂದ ಕಸಬಿನವನ ಹೊಟ್ಟೆಯು ತುಂಬದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಆದುದರಿಂದಲೇ ದಿಲ್ಲಿಯ ಗೃಹಕೈಗಾರಿಕೆಗಳ ಮಳಿಗೆಯ ಆಡಳಿತವನ್ನು ಅವರ ಸಹಕಾರೀ ಸಂಘವು ವಹಿಸಿಕೊಂಡು, ದೂರದ ಹಳ್ಳಿಯ ಸಾಮಾನಿಗೆ ಪೇಟೆಯನ್ನು ಒದಗಿಸಿತು. 1964ರಲ್ಲಿ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಯಲ್ಲಿಯೂ ಪಾಲ್ಗೊಂಡರು. 1966ರಲ್ಲಿ ಮ್ಯಾಗ್ಸೇಸೆ ಪಾರಿತೋಷಕವೂ, 1987ರಲ್ಲಿ ಪದ್ಮವಿಭೂಷಣವೂ ಅವರಿಗೆ ಲಭಿಸಿದುವು. 1988ನೆಯ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ದೇಹವಿಟ್ಟರು.

ಈ ಚರಿತ್ರೆಯು ನಮಗೇಕೆಂದು ಕೇಳುವವರು ಖಾನಾಪುರದ ಕುಂಬಾರರನ್ನು ನೆನೆಯಲಿ. ಆ ತಾಲ್ಲೂಕಿನ ಜೇಡಿಮಣ್ಣು ಹೆಸರಾದುದು. ಕುಂಭಕಲೆಯನ್ನು ಕಲಿಸುವ ಕೇಂದ್ರಸಂಸ್ಥೆಯೊಂದೂ ಅಲ್ಲಿರುವುದು. ಮಣ್ಣನ್ನು ತಂದು, ತುಳಿದು, ತಿಗುರಿಯ ಮೇಲೆ ಗಡಿಗೆಯನ್ನೆತ್ತಿ, ಒಣಗಿಸಿ, ಆವಿಗೆಯಲ್ಲಿ ಸುಡುವಷ್ಟರಲ್ಲಿ ಎಷ್ಟು ದಿನಗಳು ಸಂದುವು! ಕೆಲವು ಗಡಿಗೆಗಳು ಬೆಂಕಿಯಲ್ಲಿಯೇ ಬಿರಿಯುವುವು. ಸಹ್ಯಾದ್ರಿಯ ಮಳೆ ಹಿಡಿಯಿತೆಂದರೆ ಹಸಿಗಡಿಗೆಯು ಒಣಗದು, ಸೌದೆಯು ಹತ್ತದು. ಹೀಗಿರಲು ಬೇಸಗೆಯಲ್ಲಿ ಮಾರಿದ ಗಡಿಗೆಯ ಬೆಲೆಯು ಒಡೆದ ಗಡಿಗೆಯ ನಷ್ಟವನ್ನೂ ಮಳೆಗಾಲದ ಅನ್ನವನ್ನೂ ತರಬೇಡವೇ? ಸಂತೆಯಲ್ಲಿ ಚೌಕಾಸಿ ಮಾಡಿ ಎರಡು ರೂಪಾಯಿ ಉಳಿಸಿದೆವೆಂದು ಹಿಗ್ಗುವ ನಾವು ಅದನ್ನು ಯಾರ ಗಂಗಾಳದಿಂದ ತೆಗೆದೆವೆಂದು ಯೋಚಿಸಿದ್ದೇವೆಯೇ?

ಈಗ ಪೇಟೆಯು ಅಂತರ್ಜಾಲಕ್ಕೆ ಬಂದಿರುವುದು. ಖಾನಾಪುರದ ಹೂಜಿಯ ಚಿತ್ರವನ್ನೂ, ನಮ್ಮ ಶಹಾಪುರ ವಡಗಾವಿಗಳ ಕೈಮಗ್ಗದ ಸೀರೆಯ ಚಿತ್ರವನ್ನೂ ಕ್ಷಣಮಾತ್ರದಲ್ಲಿ ಲಂಡನ್ನಿಗೆ ಕಳುಹಿಸಬಹುದು. ಆದರೆ ದಾರಿಯು ಹತ್ತಿರವಾದ ಮಾತ್ರಕ್ಕೆ ತಕ್ಕಡಿಯು ನೆಟ್ಟಗಾಗುವುದಿಲ್ಲ. ಯಂತ್ರದ ಸಾಮಾನು ಕೈಗೆಲಸದ ಹೆಸರಿನಿಂದ ಮಾರಿಹೋಗುವುದು. ಸೋಡಿಯ ಹೊರೆಯೂ, ಹಾದಿಯಲ್ಲಿ ಒಡೆದುದರ ನಷ್ಟವೂ ಹಲವು ವೇಳೆ ಮಾಡಿದವನ ತಲೆಯ ಮೇಲೆಯೇ ಬೀಳುವುವು. ಮಾರುವವರು ಮಾಡಿದವರ ಹೆಸರನ್ನು ಬರೆಯಲಿ. ಬೆಲೆಯನ್ನು ಕಟ್ಟುವಾಗ ಅವರನ್ನು ಕೂಡಿಸಿಕೊಂಡು ಲೆಕ್ಕಹಾಕಲಿ. ಬಂದ ಹಣದಲ್ಲಿ ಅವರ ಕೈಗೆ ಸೇರುವುದೆಷ್ಟೆಂಬುದನ್ನು ಕೊಳ್ಳುವವರಿಗೂ ತಿಳಿಸಲಿ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಕುಂಬಾರರ, ನೇಕಾರರ ಮನೆಗಳಿಂದಲೇ ಬಂದಿರುವಿರಿ. ಇಲ್ಲಿ ಕಲಿತ ಲೆಕ್ಕವೂ ಭಾಷೆಯೂ ಮೊದಲು ಆ ಮನೆಗಳಿಗೆ ಸಲ್ಲಲಿ. ತಾಯಿಯ ಒಂದು ದಿನದ ದುಡಿಮೆಗೆ ಕ್ರಯವೆಷ್ಟೆಂದು ಬರೆದು ತೋರಿಸುವ ಮಗಳು ಆಕೆಗೆ ದೊಡ್ಡ ಉಪಕಾರವನ್ನೇ ಮಾಡಿದಂತಾಯಿತು. ಯೊಪ್ಪದ ದೊರ್ಕಳ ಸೂಜಿಯನ್ನೂ ಥುವತೈರದ ಲುದ್ಯಳ ವ್ಯಾಪಾರವನ್ನೂ ಆಶೀರ್ವದಿಸಿದ ದೇವರು ನಿಮ್ಮ ಕೈಗಳನ್ನೂ ಆಶೀರ್ವದಿಸಲಿ.