ಉಸಿರನ್ನು ಕಾದ ವೈದ್ಯ: ಹೈದರಾಬಾದಿನ ಎಡ್ವರ್ಡ್ ಲಾರೀ

ಕೋಠಿಯ ರೆಸಿಡೆನ್ಸಿ ಭವನವನ್ನು ನಮ್ಮ ವಾಚಕರಲ್ಲಿ ಕಾಣದವರು ವಿರಳ. ಇಂದು ಅಲ್ಲಿ ಮಹಿಳೆಯರ ವಿದ್ಯಾಲಯವಿದೆ. ಕಲಬುರ್ಗಿ, ಬೀದರ, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಅಲ್ಲಿ ಬ್ರಿಟಿಷ್ ರೆಸಿಡೆಂಟನು ವಾಸವಾಗಿದ್ದನು. ಆ ರೆಸಿಡೆನ್ಸಿಯ ಶಸ್ತ್ರವೈದ್ಯನಾಗಿ 1885ರಲ್ಲಿ ಈ ನಗರಕ್ಕೆ ಬಂದ ಎಡ್ವರ್ಡ್ ಲಾರೀ ಎಂಬಾತನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ. ಹೆಸರನ್ನು ಓದಿ ಸರಕಿನ ವಾಹನವನ್ನು ನೆನೆದು ನಗುವವರು ನಗಲಿ. ಒಂದು ಕಾಲಕ್ಕೆ ಈ ಹೆಸರು ಲಂಡನ್ನಿನ ವೈದ್ಯಮಂಡಲಿಯನ್ನೇ ಕಲಕಿತ್ತು.

ಲಾರೀ 1846ರಲ್ಲಿ ಜನಿಸಿದನು. ವೈದ್ಯವಿದ್ಯೆಯನ್ನು ಎಡಿನ್‌ಬರೋ ನಗರದಲ್ಲಿ ಕಲಿತನು. ಅವನ ಗುರು ಪ್ರಖ್ಯಾತ ಶಸ್ತ್ರವೈದ್ಯ ಜೇಮ್ಸ್ ಸೈಮ್. ಅದೇ ನಗರದಲ್ಲಿ ಜೇಮ್ಸ್ ಸಿಂಪ್ಸನ್ 1847ರಲ್ಲಿ ಕ್ಲೋರೋಫಾರಂ ಎಂಬ ಮೂರ್ಛಾದ್ರವ್ಯವನ್ನು ಬಳಕೆಗೆ ತಂದಿದ್ದನು. ನೋವಿಲ್ಲದೆ ಶಸ್ತ್ರಕ್ರಿಯೆಯಾಗುವುದೆಂದು ಜನ ಹಿಗ್ಗಿದರು. ಆದರೆ ಮೂರು ತಿಂಗಳು ತುಂಬುವ ಮೊದಲೇ, 1848ರ ಜನವರಿ 28ರಂದು, ನ್ಯೂಕಾಸಲ್ ಬಳಿಯಲ್ಲಿ ಹನ್ನಾ ಗ್ರೀನರ್ ಎಂಬ 15 ವರ್ಷದ ಬಾಲೆ ಕ್ಲೋರೋಫಾರಂ ಸೇವಿಸಿದ ಕೆಲವೇ ನಿಮಿಷಗಳಲ್ಲಿ ಮೃತಳಾದಳು. ಅವಳಿಗೆ ನಡೆಯಬೇಕಾಗಿದ್ದುದು ಕಾಲ್ಬೆರಳಿನ ಉಗುರನ್ನು ತೆಗೆಯುವ ಚಿಕಿತ್ಸೆ, ಅಷ್ಟೆ! ಆ ಬಳಿಕವೂ ಹಲ್ಲು ಕೀಳಿಸಿಕೊಳ್ಳಲು ಹೋದ ಆರೋಗ್ಯವಂತರು ಹೆಣವಾಗಿ ಮನೆಗೆ ಬಂದ ಪ್ರಸಂಗಗಳು ನಡೆಯುತ್ತಲೇ ಇದ್ದವು.

ಈ ಸಾವಿಗೆ ಕಾರಣವೇನು? ಔಷಧಿ ಹೃದಯವನ್ನೇ ನಿಲ್ಲಿಸುತ್ತದೆ, ಆದುದರಿಂದ ನಾಡಿಯ ಮೇಲೆ ಬೆರಳಿಟ್ಟಿರಬೇಕೆಂದು ಲಂಡನ್ನಿನ ಹಲವು ವೈದ್ಯರ ಮತ. ಮೊದಲು ನಿಲ್ಲುವುದು ಉಸಿರು, ಆದುದರಿಂದ ಉಸಿರನ್ನೇ ನೋಡುತ್ತಿರಬೇಕೆಂದು ಸೈಮ್‌ನ ಬೋಧನೆ. ಶಿಷ್ಯನು ಗುರುವಾಕ್ಯವನ್ನು ಗಂಟುಕಟ್ಟಿಕೊಂಡು ಭಾರತಕ್ಕೆ ಬಂದನು. ಲಾಹೋರಿನಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕನಾಗಿದ್ದು, ಹೈದರಾಬಾದಿನ ವೈದ್ಯಕೀಯ ಶಾಲೆಯ ಮುಖ್ಯಸ್ಥನಾದನು. ರೋಗಿಯನ್ನು ಅಂಗಾತ ಮಲಗಿಸಬೇಕು, ಎದೆಯ ಬಿಗಿಯುಡುಪನ್ನು ಸಡಿಲಿಸಬೇಕು, ಔಷಧಿ ಕೊಡುವವನು ಶಸ್ತ್ರಕ್ರಿಯೆಯ ಕಡೆ ಕಣ್ಣು ಹಾಯಿಸದೆ ಉಸಿರೊಂದನ್ನೇ ಕಾಯಬೇಕು, ಉಸಿರು ತಡೆದರೆ ತತ್‌ಕ್ಷಣ ಗದ್ದವನ್ನು ಮುಂದಕ್ಕೆಳೆದು ಕೃತಕ ಶ್ವಾಸ ಕೊಡಬೇಕು. ಇವು ಅವನ ಶಾಲೆಯ ಕಟ್ಟಳೆಗಳು.

ತನ್ನ ಮತವನ್ನು ಸಾಧಿಸಲು ಅವನು 1888ರಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿದನು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರಕಾರವೇ ಇದರ ವೆಚ್ಚವನ್ನು ವಹಿಸಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಇದನ್ನು ಒಪ್ಪಲಿಲ್ಲ. ಆಗ ನಿಜಾಮ ಸರಕಾರವು ಪತ್ರಿಕೆಯೇ ಒಬ್ಬ ಪರೀಕ್ಷಕನನ್ನು ಕಳುಹಿಸಲೆಂದು 1000 ಪೌಂಡುಗಳನ್ನು ನೀಡಿತು. ಪತ್ರಿಕೆಯವರು ಹಣ ಬಂದ ಮೇಲೂ ತಮ್ಮ ಪಕ್ಷದವನನ್ನೇ ಕಳುಹಿಸಿದರೆಂಬುದು ನಮ್ಮಂತಹ ಪತ್ರಿಕಾ ವ್ಯವಸಾಯಿಗಳು ಗಮನಿಸತಕ್ಕ ಸಂಗತಿ. ಹಾಗೆ 1889ರಲ್ಲಿ ಬಂದವನು ಲಾಡರ್ ಬ್ರಂಟನ್. ಹೃದಯವೇ ಮೊದಲು ನಿಲ್ಲುವುದೆಂದು ನಂಬಿದ್ದ ಪಂಡಿತ. ನಾಲ್ಕುನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪರೀಕ್ಷೆ ನಡೆದು, ಕಡೆಗೆ ಬ್ರಂಟನ್ನನೇ ಲಾರೀಯ ಪಕ್ಷಕ್ಕೆ ಸೇರಿದನು. ಹೈದರಾಬಾದ್ ಕ್ಲೋರೋಫಾರಂ ಕಮಿಷನ್ನಿನ ಹೆಸರು ಲೋಕವಿಖ್ಯಾತವಾಯಿತು. ಆ ಮೂಕಪ್ರಾಣಿಗಳನ್ನು ನೆನೆದಾಗ ನಮ್ಮ ಮನಸ್ಸು ಮರುಗುತ್ತದೆಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಅವನ ಶಾಲೆಯಲ್ಲಿ ಕಲಿತ ಪಾರ್ಸಿ ಮಹಿಳೆ ರೂಪಾ ಬಾಯಿ ಫರ್ದೂನ್‌ಜಿಯವರು ಈ ನಗರದ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕ್ಲೋರೋಫಾರಂ ಕೊಡುವ ಕಾರ್ಯವನ್ನು ಬಹುಕಾಲ ನಡೆಸಿದರು. ಜಗತ್ತಿನಲ್ಲಿ ಈ ವಿದ್ಯೆಯನ್ನು ಕೈಗೊಂಡ ಮೊದಮೊದಲ ಸ್ತ್ರೀಯರಲ್ಲಿ ಅವರೊಬ್ಬರು. ನಮ್ಮೂರಿನ ಈ ಹೆಮ್ಮೆ ನಮ್ಮವರಿಗೇ ಗೊತ್ತಿಲ್ಲ.

ಲಾರೀ ಹಟಮಾರಿ. ಮಲೇರಿಯದ ಸೂಕ್ಷ್ಮಜೀವಿಯೆಂಬುದೇ ಇಲ್ಲವೆಂದು ಅವನು ವಾದಿಸಿದನು. ಅವನ ಕಣ್ಣೆದುರಿನ ಸಿಕಂದರಾಬಾದಿನಲ್ಲೇ 1897ರಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡನು. ಕ್ಲೋರೋಫಾರಂ ವಿಷಯದಲ್ಲಿಯೂ ಅವನದು ಅರ್ಧಸತ್ಯವೇ ಆಯಿತು. 1911ರಲ್ಲಿ ಗುಡ್‌ಮನ್ ಲೆವಿ ಎಂಬಾತ ಬೆಕ್ಕುಗಳಲ್ಲಿ ತೋರಿಸಿದ್ದೇನೆಂದರೆ, ಕ್ಲೋರೋಫಾರಂ ಅಲ್ಪವಾಗಿ ಏರಿದ ಸ್ಥಿತಿಯಲ್ಲಿ ದೇಹದೊಳಗೆ ಅಡ್ರಿನಲಿನ್ ಹರಿದರೆ ಹೃದಯ ಬಡಿತ ತಪ್ಪಿ ನಡುಗಿ ಒಮ್ಮೆಲೇ ನಿಲ್ಲಬಲ್ಲದು. ಹೆದರಿದ ಮನುಷ್ಯನ ಮೈಯಲ್ಲಿ ಆ ಅಡ್ರಿನಲಿನ್ ತಾನಾಗಿಯೇ ಏರುತ್ತದೆ. ಸಣ್ಣ ಚಿಕಿತ್ಸೆಯೆಂದು ಅರೆಮಂಪರಿಗೆ ತಂದು ಬಿಡುತ್ತಿದ್ದರಲ್ಲ, ಅಪಾಯ ಅಡಗಿದ್ದುದು ಅಲ್ಲಿಯೇ! ಲಾರೀ 1915ರಲ್ಲಿ ತೀರಿಕೊಂಡನು. ಅವನ ಪ್ರಯೋಗಗಳ ಕಾಲದ ಅಫ್ಜಲ್‌ಗಂಜ್ ಆಸ್ಪತ್ರೆಯನ್ನು 1908ರಲ್ಲಿಯೇ ಮೂಸಿಯ ಪ್ರವಾಹ ಕೊಚ್ಚಿಹಾಕಿತ್ತು.

ಕ್ಲೋರೋಫಾರಂ ಈಗ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೋಗಿದೆ. ಸಣ್ಣ ಚಿಕಿತ್ಸೆಗಳಿಗೆ ಮಿಡಜೋಲಾಂ, ಪ್ರೊಪೊಫಾಲ್ ಮೊದಲಾದ ಮಂಪರಿನ ಔಷಧಿಗಳು ಬಂದಿವೆ. ಇವೂ ಮಾತ್ರೆ ಮೀರಿದರೆ ಮೊದಲು ಕುಗ್ಗಿಸುವುದು ಉಸಿರನ್ನೇ. ಲಾರೀಯ ಕಣ್ಣಿನ ಕೆಲಸಕ್ಕೆ ಇಂದು ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ತೋರಿಸುವ ಯಂತ್ರವೂ, ಹೊರಬರುವ ಉಸಿರನ್ನಳೆಯುವ ಯಂತ್ರವೂ ನೆರವಾಗುತ್ತವೆ. ಆದರೂ ಪಕ್ಕದಲ್ಲಿ ಅದೊಂದೇ ಕೆಲಸಕ್ಕೆ ಒಬ್ಬರು ನಿಂತಿರಲೇಬೇಕು. ಬೇರೆ ಕೆಲಸಕ್ಕೂ ಕೈಹಾಕುವವರು ಕಾವಲುಗಾರರಲ್ಲ. ಒಲೆಯ ಮೇಲೆ ಹಾಲಿಟ್ಟು ಗಲ್ಲೆಯಲ್ಲಿ ಚಿಲ್ಲರೆ ಎಣಿಸಿದವರಿಗೆ ಇದರ ಅರ್ಥ ಬೇಗ ತಿಳಿದೀತು.

ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ನಮ್ಮ ಅಡಿಗೆ ಭಟ್ಟರನ್ನು, ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡುವ ಪರೀಕ್ಷೆಗೆ ಕರೆದೊಯ್ದಿದ್ದೆವು. ಬೆಳಗ್ಗೆ ಏನು ಸೇವಿಸಿದಿರೆಂದು ವೈದ್ಯರು ಕೇಳಿದರು. ಭಟ್ಟರು ಒಂದು ಲೋಟ ಕಾಫಿ ಎಂದರು. ವೈದ್ಯರು ಆ ದಿನ ಆಗದೆಂದು ಕಳುಹಿಸಿಬಿಟ್ಟರು. ಒಂದು ಲೋಟ ಕಾಫಿಗೆ ಅರ್ಧ ದಿನದ ವ್ಯಾಪಾರ ಹಾಳಾಯಿತೆಂದು ನಾವು ಅಲ್ಲಿಯೇ ವಾದಕ್ಕಿಳಿದೆವು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೆ ಸಂಚಕಾರ. ಬರಿಯ ನೀರಾದರೆ 2 ಗಂಟೆ ಸಾಕು, ಹಾಲು ಬೆರೆತರೆ 6 ಗಂಟೆ ಕಳೆಯಬೇಕೆಂದು ಆ ವೈದ್ಯರು ತಾಳ್ಮೆಯಿಂದ ತಿಳಿಸಿದರು. ಮರುದಿನ ಭಟ್ಟರು ಬರಿಹೊಟ್ಟೆಯಲ್ಲಿ ಹೋದರು. ಪರೀಕ್ಷೆ ನಡೆಯುವಷ್ಟು ಹೊತ್ತೂ ತಲೆಯ ಬಳಿ ಒಬ್ಬ ದಾದಿ ಅವರ ಎದೆಯ ಏರಿಳಿತವನ್ನೇ ನೋಡುತ್ತ ನಿಂತಿದ್ದರಂತೆ. ಮಧ್ಯಾಹ್ನ ಒಂಟಿಯಾಗಿ ಆಟೋ ಹತ್ತಲು ಬಿಡದೆ ನಮ್ಮನ್ನು ಕರೆಯಿಸಿ, ನಮ್ಮ ಕೈಗೊಪ್ಪಿಸಿ ಕಳುಹಿಸಿದರು.