ಹೊನ್ನಾವರ ಕಂಡ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲಾ ವಲ್ಲೆ

ಹಿಂದಿನ ಕಾಲದಲ್ಲಿ ನಮ್ಮ ಕರಾವಳಿಗೆ ಬಂದ ಯುರೋಪಿಯನ್ನರೆಂದರೆ ತಟ್ಟನೆ ನೆನಪಾಗುವವರು ಮೆಣಸಿನ ವ್ಯಾಪಾರಿಗಳು, ಕೋಟೆ ಕಾದ ಸೈನಿಕರು ಮತ್ತು ಸುವಾರ್ತೆ ಸಾರಿದ ಗುರುಗಳು. ಈ ಮೂರು ಗುಂಪಿಗೂ ಸೇರದ ಒಬ್ಬ ಕಥೋಲಿಕ ಯಾತ್ರಿಕರು 1623ರಲ್ಲಿ ಹೊನ್ನಾವರದಲ್ಲಿ ಇಳಿದರು. ಅವರು ಇಲ್ಲಿ ಏನನ್ನೂ ಮಾರಲಿಲ್ಲ, ಕೊಳ್ಳಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟರು. ಅವರೇ ಪಿಯೆತ್ರೊ ದೆಲ್ಲಾ ವಲ್ಲೆ.

ಪಿಯೆತ್ರೊ 1586ರಲ್ಲಿ ರೋಮ್ ನಗರದ ಶ್ರೀಮಂತ ಮನೆತನದಲ್ಲಿ ಹುಟ್ಟಿದರು. ಯೌವನದಲ್ಲಿ ಪ್ರೇಮಭಂಗವಾಗಿ ಮನಸ್ಸು ಮುರಿದಾಗ, ನೇಪಲ್ಸ್‌ನ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊ ಪೂರ್ವದೇಶಗಳ ಪ್ರವಾಸ ಮಾಡುವಂತೆ ಸಲಹೆಯಿತ್ತರು. ಪವಿತ್ರ ನಾಡಿನ ಯಾತ್ರೆಯ ಹರಕೆ ಹೊತ್ತು 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದರು. ದಾರಿಯುದ್ದಕ್ಕೂ ಅದೇ ಗೆಳೆಯರಿಗೆ ದೀರ್ಘ ಪತ್ರಗಳನ್ನು ಬರೆದರು. ಆ ಪತ್ರಗಳೇ ಇಂದು ನಮಗೆ ಉಳಿದಿರುವ ಪ್ರವಾಸ ಕಥನ.

ಜೆರುಸಲೇಮ್ ಯಾತ್ರೆ ಮುಗಿದ ಮೇಲೂ ಅವರು ಮನೆಗೆ ಮರಳಲಿಲ್ಲ. 1616ರಲ್ಲಿ ಬಾಗ್ದಾದ್‌ನಲ್ಲಿ ಮಾನಿ ಎಂಬ ಪೂರ್ವದೇಶದ ಕ್ರೈಸ್ತ ಯುವತಿಯನ್ನು ಮದುವೆಯಾದರು. ಇಬ್ಬರೂ ಪರ್ಷಿಯಾದಲ್ಲಿ ಕೆಲವು ವರ್ಷ ಕಳೆದರು. 1621ರ ಡಿಸೆಂಬರ್ ಕೊನೆಯಲ್ಲಿ ಹೊರ್ಮುಜ್ ಸಮೀಪದ ಮಿನಾಬ್‌ನಲ್ಲಿ ಮಾನಿ ಜ್ವರದಿಂದ ತೀರಿಕೊಂಡರು. ಪತ್ನಿಯನ್ನು ಪರದೇಶದ ಮಣ್ಣಿನಲ್ಲಿ ಬಿಡಲು ಪಿಯೆತ್ರೊಗೆ ಮನಸ್ಸಾಗಲಿಲ್ಲ. ಶವ ಕೆಡದಂತೆ ಲೇಪನ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ತಮ್ಮೊಂದಿಗೇ ಭಾರತಕ್ಕೆ ತಂದರು.

1623ರ ಆರಂಭದಲ್ಲಿ ಸೂರತ್ ಸೇರಿದ ಅವರು ಮುಂದೆ ಗೋವಾಕ್ಕೆ ಬಂದರು. ಆಗ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕರ ಆಳ್ವಿಕೆ. ಮೆಣಸಿನ ವ್ಯಾಪಾರ ಮತ್ತು ಮಂಗಳೂರಿನ ಬಂಗರಸರ ವಿಷಯದಲ್ಲಿ ಮಾತುಕತೆಗಾಗಿ ಪೋರ್ಚುಗೀಸರು ಅಲ್ಲಿಗೆ ರಾಯಭಾರಿಯನ್ನು ಕಳುಹಿಸಿದರು. ಪಿಯೆತ್ರೊ ಜತೆಗೂಡಿದರು. ನಾಯಕರ ಕಡೆಯ ದೂತ ವಿಠಲ ಶೆಣೈ ಕೂಡ ಈ ತಂಡದಲ್ಲಿದ್ದರು. ಅಕ್ಟೋಬರ್‌ನಲ್ಲಿ ಅವರೆಲ್ಲ ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಆಗ ಪೋರ್ಚುಗೀಸರ ವಶದಲ್ಲಿದ್ದ ಕೋಟೆ ಸೇರಿದರು.

ಇಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲ್ಮುಖವಾಗಿ ಗೇರುಸೊಪ್ಪೆಗೆ ಹೊರಟರು. ಎರಡೂ ದಡದ ಹಸಿರು ಕಾಡನ್ನು, ನದಿಯ ಚೆಲುವನ್ನು ಪಿಯೆತ್ರೊ ಮನಸಾರೆ ಹೊಗಳಿದ್ದಾರೆ. ಆದರೆ ಗೇರುಸೊಪ್ಪೆ ಹಾಳು ಬಿದ್ದಿತ್ತು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿಯಲ್ಲಿ ಅರಮನೆಯ ಮೇಲೆ ಮರಗಿಡ ಬೆಳೆದಿದ್ದವು. ರೈತರ ಕೆಲವು ಗುಡಿಸಲುಗಳಷ್ಟೇ ಉಳಿದಿದ್ದವು. ರಾಣಿಯು ಪರಪುರುಷನೊಬ್ಬನನ್ನು ನಂಬಿ ರಾಜ್ಯ ಕಳೆದುಕೊಂಡಳೆಂಬ ಕತೆಯನ್ನೂ ಅವರು ಬರೆದಿದ್ದಾರೆ. ಹಾಳು ಬಿದ್ದ ಅರಮನೆ ಅವರು ಕಣ್ಣಾರೆ ಕಂಡದ್ದು; ಈ ಕತೆ ಕಿವಿಗೆ ಬಿದ್ದದ್ದು. ಭಟ್ಕಳದ ಬಂದರನ್ನೂ ಒಳಗೊಂಡ ರಾಜ್ಯವನ್ನು ಅರ್ಧ ಶತಮಾನ ಆಳಿದ, ಕುಮಟಾ ಬಳಿಯ ಮಿರ್ಜಾನ್ ಕೋಟೆಯೊಂದಿಗೆ ಹೆಸರು ಬೆಸೆದುಕೊಂಡ ರಾಣಿಯನ್ನು ಸೋತ ಮೇಲಿನ ಗಾಳಿಮಾತಿನಿಂದ ಅಳೆಯುವುದು ನ್ಯಾಯವಲ್ಲ.

ಘಟ್ಟ ದಾಟುವಾಗ ಒಂದು ದೇವಸ್ಥಾನದ ಜಗಲಿಯಲ್ಲಿ ಪುಟ್ಟ ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲಕ್ಕೆ ನಯವಾದ ಮರಳು ಹರಡಿ, ರಾಗವಾಗಿ ಹೇಳುತ್ತಾ ಬೆರಳಿನಿಂದ ಅಂಕಿ ಬರೆಯುತ್ತಿದ್ದರು. ಮೇಷ್ಟ್ರಿಲ್ಲದೆ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುವ ಈ ಸುಲಭ ಪದ್ಧತಿಯನ್ನು ಪಿಯೆತ್ರೊ ಬಹಳವಾಗಿ ಮೆಚ್ಚಿದರು.

ಇಕ್ಕೇರಿಯಲ್ಲಿ ಅವರು ಜಕ್ಕಮ್ಮ ಎಂಬ ವಿಧವೆಯನ್ನು ಕಂಡರು. ಡೋಲು ಬಾರಿಸುವವನ ಹೆಂಡತಿಯಾಗಿದ್ದ ಆಕೆ ಸಹಗಮನಕ್ಕೆ ಸಿದ್ಧಳಾಗಿದ್ದಳು. ಪಿಯೆತ್ರೊ ಆಕೆಯ ಮನೆಗೇ ಹೋಗಿ, ದುಭಾಷಿಯ ಮೂಲಕ ಮಾತನಾಡಿ, ಬೇಡವೆಂದು ತಿಳಿಹೇಳಿದರು. ಆಕೆ ಒಪ್ಪಲಿಲ್ಲ. ಪತ್ನಿಯ ಶವಪೆಟ್ಟಿಗೆಯೊಂದಿಗೆ ದೇಶ ದೇಶ ಸುತ್ತುತ್ತಿದ್ದ ಅವರಿಗೆ ಅಗಲಿಕೆಯ ನೋವು ಹೊಸದಾಗಿರಲಿಲ್ಲ. ಬದುಕಿಸಲಾಗದ ಆ ಬಡ ಹೆಣ್ಣಿನ ಹೆಸರನ್ನಾದರೂ ತಮ್ಮ ಬರಹದಲ್ಲಿ ಉಳಿಸಿದರು. ನಾಲ್ಕು ಶತಮಾನದ ನಂತರವೂ ಆಕೆಯ ಹೆಸರು ನಮಗೆ ತಿಳಿದಿರುವುದು ಹೀಗೆ.

ಮುಂದೆ ಬಸ್ರೂರು, ಮಂಗಳೂರು ನೋಡಿದರು. ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನು ಭೇಟಿಯಾದರು. ಬರಿಗಾಲಲ್ಲಿ, ಸಾದಾ ಬಿಳಿ ಬಟ್ಟೆಯಲ್ಲಿ, ಹೊಲಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ಹೊರಟಿದ್ದ ರಾಣಿಯ ಚಿತ್ರ ಅವರ ಪತ್ರದಲ್ಲಿದೆ. ಕಲ್ಲಿಕೋಟೆಯವರೆಗೆ ಹೋಗಿ ಗೋವಾಕ್ಕೆ ಹಿಂದಿರುಗಿದರು.

1626ರಲ್ಲಿ, ಹೊರಟ ಹನ್ನೆರಡು ವರ್ಷಗಳ ಬಳಿಕ, ರೋಮ್ ತಲುಪಿದರು. ಅರಾಚೇಲಿಯ ಸಂತ ಮರಿಯಮ್ಮನವರ ದೇವಾಲಯದಲ್ಲಿ ಮಾನಿಯ ಶವವನ್ನು ತಮ್ಮ ಮನೆತನದ ಸಮಾಧಿಯಲ್ಲಿ ಭೂಸ್ಥಾಪನೆ ಮಾಡಿಸಿದರು. ಪೋಪ್ 8ನೇ ಅರ್ಬನ್ ಅವರನ್ನು ತಮ್ಮ ಆಸ್ಥಾನದಲ್ಲಿ ಗೌರವಿಸಿದರು. ಪ್ರವಾಸದಲ್ಲಿ ಜತೆಗಿದ್ದ ಜಾರ್ಜಿಯಾದ ಅನಾಥೆ ಮಾರಿಯುಚ್ಚಾಳನ್ನು ಮದುವೆಯಾಗಿ ಹೊಸ ಸಂಸಾರ ಕಟ್ಟಿದರು. 1652ರಲ್ಲಿ ನಿಧನರಾದರು. ಭಾರತದ ಪತ್ರಗಳು ಅಚ್ಚಾದದ್ದು 1663ರಲ್ಲಿ.

ಪಿಯೆತ್ರೊ ಎಲ್ಲವನ್ನೂ ತಮ್ಮ ಕಾಲದ, ತಮ್ಮ ವಿಶ್ವಾಸದ ಅಳತೆಗೋಲಿನಿಂದ ಅಳೆದವರು. ಆದರೂ ರಾಣಿಯಷ್ಟೇ ಗಮನವನ್ನು ಮರಳ ಮೇಲೆ ಬರೆಯುವ ಮಗುವಿಗೂ ಕೊಟ್ಟರು. ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವವರು ಅಲ್ಲಿ ಇಂದಿಗೂ ನಿಂತಿರುವ ಚತುರ್ಮುಖ ಬಸದಿಯನ್ನು ನೋಡುವಾಗ, ಇದೇ ದಾರಿಯಲ್ಲಿ ಸಾಗಿದ ಈ ಯಾತ್ರಿಕರನ್ನೂ ಒಮ್ಮೆ ನೆನೆಯಬಹುದು.