ಅಕ್ಷರ ಎಣಿಸಿದ ಸಿಡುಕು ಮೇಷ್ಟ್ರು

ಮಾರ್ಕೋವ್ ಚೈನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಒಂದು ಮ್ಯಾಟ್ರಿಕ್ಸು. ಪ್ರತಿ ಸಾಲಿನ ಮೊತ್ತ 1 ಇರಬೇಕು, ಇವತ್ತು ಮಳೆ ಬಂದರೆ ನಾಳೆಯೂ ಬರುವ ಸಂಭವನೀಯತೆ ಎಷ್ಟು, ಬಹಳ ದಿನ ಕಳೆದ ಮೇಲೆ ಎಷ್ಟು. ಪರೀಕ್ಷೆಗೆ ಇಷ್ಟು ಗೊತ್ತಿದ್ದರೆ ಸಾಕು. ಆ ಹೆಸರಿನ ಮೇಷ್ಟ್ರು ಯಾರು, ಅವರಿಗೆ ಈ ಸರಪಳಿ ಯಾಕೆ ಬೇಕಾಯ್ತು ಅನ್ನೋದನ್ನು ಪಠ್ಯಪುಸ್ತಕ ಹೇಳೋದಿಲ್ಲ. ನಾವು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಒಂದು ದೊಡ್ಡ ಜಗಳ.

ಆಂದ್ರೇ ಆಂದ್ರೇಯೆವಿಚ್ ಮಾರ್ಕೋವ್ ಹುಟ್ಟಿದ್ದು 1856ರ ಜೂನ್ 14ರಂದು, ರಷ್ಯಾದ ರಿಯಾಜಾನ್‌ನಲ್ಲಿ. ತಂದೆ ಅರಣ್ಯ ಇಲಾಖೆಯ ನೌಕರರು. ಮುಂದೆ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ಶ್ರೀಮಂತ ಮಹಿಳೆಯೊಬ್ಬರ ಎಸ್ಟೇಟ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಹುಡುಗನಿಗೆ ಮೊಣಕಾಲಿನ ತೊಂದರೆ. ಸುಮಾರು ಹತ್ತು ವರ್ಷದವರೆಗೆ ಊರುಗೋಲು ಹಿಡಿದೇ ಓಡಾಟ. ಶಾಲೆಯಲ್ಲಿ ಗಣಿತ ಒಂದು ಬಿಟ್ಟರೆ ಉಳಿದದ್ದೆಲ್ಲ ಅಷ್ಟಕ್ಕಷ್ಟೇ. ಎಸ್ಟೇಟಿನ ಒಡತಿಯ ಮಗಳು ಮರಿಯಾಗೆ ಗಣಿತ ಹೇಳಿಕೊಡುತ್ತಿದ್ದರು, 1883ರಲ್ಲಿ ಅವರನ್ನೇ ಮದುವೆಯಾದರು. ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅವರ ಗುರು ಚೆಬಿಶೇವ್. ಹೌದು, ನಾವು ಓದುವ ಚೆಬಿಶೇವ್ ಅಸಮಾನತೆಯ ಅದೇ ಚೆಬಿಶೇವ್. 1886ರಲ್ಲಿ, ಅಂದ್ರೆ ಮೂವತ್ತು ತುಂಬುವ ಹೊತ್ತಿಗೆ, ಮಾರ್ಕೋವ್ ವಿಜ್ಞಾನ ಅಕಾಡೆಮಿಯ ಒಳಗಿದ್ದರು.

ಇಷ್ಟೇ ಆಗಿದ್ದರೆ ಇನ್ನೊಬ್ಬ ಜಾಣ ಪ್ರೊಫೆಸರ್ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅವರಿಗೆ ಬಿದ್ದ ಅಡ್ಡಹೆಸರಿನ ಅರ್ಥ ಉಗ್ರ ಆಂದ್ರೇ ಅಂತ. ತಪ್ಪು ಕಂಡರೆ ಸುಮ್ಮನಿರೋ ಜಾಯಮಾನವೇ ಅಲ್ಲ. ಎದುರಿಗಿರೋದು ಗಣಿತಜ್ಞನೋ, ಮಂತ್ರಿಯೋ, ಚರ್ಚೋ ಅನ್ನೋ ಭೇದವೂ ಇರಲಿಲ್ಲ. ಲೇಖಕ ಗೋರ್ಕಿಯನ್ನು ಅಕಾಡೆಮಿಯ ಗೌರವ ಸದಸ್ಯರಾಗಿ ಆರಿಸಿದ್ದನ್ನು 1902ರಲ್ಲಿ ತ್ಸಾರ್ ಸರ್ಕಾರ ರದ್ದು ಮಾಡಿದಾಗ ಪ್ರತಿಭಟಿಸಿದರು. ವಿದ್ಯಾರ್ಥಿಗಳ ಗಲಾಟೆ ಹೆಚ್ಚಾದಾಗ, 1908ರಲ್ಲಿ, ಪ್ರೊಫೆಸರುಗಳು ಸರ್ಕಾರದ ಪರವಾಗಿ ವಿದ್ಯಾರ್ಥಿಗಳ ಮೇಲೆ ಕಣ್ಣಿಡಬೇಕು ಅಂತ ಸಚಿವಾಲಯ ಬಯಸಿತು. ಆ ಕೆಲಸ ನನ್ನದಲ್ಲ ಅಂತ ಮಾರ್ಕೋವ್ ಬರೆದು ಕಳಿಸಿದರು. ಟಾಲ್‌ಸ್ಟಾಯ್ ಅವರನ್ನು ಚರ್ಚು 1901ರಲ್ಲಿ ಹೊರಹಾಕಿತ್ತು. 1912ರಲ್ಲಿ ಮಾರ್ಕೋವ್ ತಾವಾಗಿಯೇ ಚರ್ಚಿಗೆ ಅರ್ಜಿ ಹಾಕಿ, ತಮ್ಮನ್ನೂ ಹೊರಹಾಕಿ ಅಂತ ಕೇಳಿದರು.

ಅವರ ದೊಡ್ಡ ಜಗಳ ಮಾಸ್ಕೋದ ಗಣಿತಜ್ಞ ಪಾವೆಲ್ ನೆಕ್ರಾಸೋವ್ ಜೊತೆ. ನಾಣ್ಯವನ್ನು ಸಾವಿರಾರು ಸಲ ಚಿಮ್ಮಿದರೆ ಹೆಡ್ ಬೀಳುವ ಪ್ರಮಾಣ ಅರ್ಧಕ್ಕೆ ಬಂದು ನಿಲ್ಲುತ್ತದೆ, ಇದು ದೊಡ್ಡ ಸಂಖ್ಯೆಗಳ ನಿಯಮ. ಇಲ್ಲಿ ಒಂದು ಚಿಮ್ಮುವಿಕೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ನೆಕ್ರಾಸೋವ್ ವಾದ ಏನಂದ್ರೆ, ಸರಾಸರಿ ಹೀಗೆ ಬಂದು ನಿಲ್ಲಬೇಕಾದರೆ ಘಟನೆಗಳು ಪರಸ್ಪರ ಸ್ವತಂತ್ರವಾಗಿರಲೇಬೇಕು. ಮದುವೆ, ಅಪರಾಧ ಇವುಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಸ್ಥಿರವಾಗಿರುತ್ತದಲ್ಲ, ಹಾಗಾದರೆ ಮನುಷ್ಯರ ನಡೆಗಳು ಸ್ವತಂತ್ರ, ಹಾಗಾದರೆ ಮನುಷ್ಯನಿಗೆ ಸ್ವತಂತ್ರ ಇಚ್ಛಾಶಕ್ತಿ ಇದೆ! ಗಣಿತದ ಹೆಗಲ ಮೇಲೆ ಕೂತು ದೇವರ ಮನೆ ಬಾಗಿಲು ತಟ್ಟುವ ಈ ತರ್ಕ ನೋಡಿ ಮಾರ್ಕೋವ್‌ಗೆ ಮೈ ಉರಿಯಿತು.

ಉತ್ತರ ಬಂದದ್ದು 1906ರಲ್ಲಿ. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಘಟನೆಗಳ ಸಾಲನ್ನು ಅವರು ಕಟ್ಟಿದರು. ಮುಂದಿನದ್ದು ಈಗಿನದ್ದನ್ನು ಅವಲಂಬಿಸಿದೆ, ಅದರ ಹಿಂದಿನದ್ದನ್ನು ಅಲ್ಲ. ಇಲ್ಲಿ ಸ್ವಾತಂತ್ರ್ಯ ಇಲ್ಲವೇ ಇಲ್ಲ. ಆದರೂ ಕೆಲವು ಷರತ್ತುಗಳು ಕೂಡಿಬಂದರೆ ಸರಾಸರಿ ಬಂದು ನಿಲ್ಲುತ್ತದೆ ಅಂತ ಸಾಧಿಸಿ ತೋರಿಸಿದರು. ನೆಕ್ರಾಸೋವ್ ವಾದದ ಮೊದಲ ಮೆಟ್ಟಿಲೇ ಕುಸಿಯಿತು. ಇಚ್ಛಾಶಕ್ತಿ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಗೆ ಮಾರ್ಕೋವ್ ಉತ್ತರ ಕೊಡಲಿಲ್ಲ. ಆ ಲೆಕ್ಕದಿಂದ ಅದು ಸಾಬೀತಾಗೋದಿಲ್ಲ ಅಂದರು, ಅಷ್ಟೇ.

ಕಾಗದದ ಮೇಲಿನ ಸರಪಳಿಗೆ ನಿಜವಾದ ಉದಾಹರಣೆ ಬೇಕಿತ್ತು. ಅದಕ್ಕೆ ಪುಷ್ಕಿನ್ನನ ಪದ್ಯಕಾದಂಬರಿ ಯೆವ್ಗೇನಿ ಒನೇಗಿನ್ ತೆಗೆದುಕೊಂಡರು. ಅದರ ಮೊದಲ 20,000 ಅಕ್ಷರಗಳನ್ನು ಪದಗಳ ನಡುವಿನ ಜಾಗ, ವಿರಾಮಚಿಹ್ನೆ ಎಲ್ಲ ಬಿಟ್ಟು ಒಂದೇ ಉದ್ದನೆ ಸಾಲಿನಂತೆ ನೋಡಿದರು. ಹತ್ತಕ್ಕೆ ಹತ್ತರ ಚೌಕಗಳು, ಅಂಥವು 200. ಪ್ರತಿ ಅಕ್ಷರ ಸ್ವರವೋ ವ್ಯಂಜನವೋ ಅಂತ ಕೈಯಲ್ಲೇ ಎಣಿಕೆ. ಸ್ವರ 8,638, ವ್ಯಂಜನ 11,362. ಅಂದ್ರೆ ಕಣ್ಣುಮುಚ್ಚಿ ಒಂದಕ್ಷರ ಹೆಕ್ಕಿದರೆ ಅದು ಸ್ವರವಾಗಿರುವ ಸಂಭವನೀಯತೆ ಸುಮಾರು 0.432. ಹಿಂದಿನ ಅಕ್ಷರ ಸ್ವರ ಅಂತ ಗೊತ್ತಿದ್ದರೆ ಅದು 0.128ಕ್ಕೆ ಇಳಿಯುತ್ತದೆ, ವ್ಯಂಜನ ಅಂತ ಗೊತ್ತಿದ್ದರೆ 0.663ಕ್ಕೆ ಏರುತ್ತದೆ. ಅಕ್ಷರಗಳು ಸ್ವತಂತ್ರವಲ್ಲ ಅನ್ನೋದಕ್ಕೆ ಇನ್ನೇನು ಬೇಕು? 1913ರ ಜನವರಿಯಲ್ಲಿ ಇದನ್ನು ಅಕಾಡೆಮಿಯ ಮುಂದಿಟ್ಟರು. ಸಾಲದು ಅಂತ ಮುಂದೆ ಅಕ್ಸಾಕೋವ್‌ನ ಗದ್ಯದ 1,00,000 ಅಕ್ಷರ ಎಣಿಸಿದರು. (ಕನ್ನಡದಲ್ಲಿ ಇದನ್ನು ಮಾಡಹೊರಟರೆ ಕಾಗುಣಿತ ಕಾಲಿಗೆ ತೊಡರುತ್ತದೆ. ನಮ್ಮಲ್ಲಿ ಸ್ವರ ವ್ಯಂಜನದ ಮೈಗೇ ಅಂಟಿಕೊಂಡಿರೋದ್ರಿಂದ ಮೊದಲು ಬಿಡಿಸಿ ಬರೆದುಕೊಳ್ಳಬೇಕು. ಈಗ ಹತ್ತು ಸಾಲಿನ ಪೈಥಾನ್ ಕೋಡ್ ಸಾಕು, ಯಾರಾದರೂ ಮಾಡಿ ನೋಡಿ.)

ಅದೇ 1913ರಲ್ಲಿ ರಷ್ಯಾ ತನ್ನ ರಾಜಮನೆತನದ ಮುನ್ನೂರನೇ ವರ್ಷದ ಸಂಭ್ರಮದಲ್ಲಿತ್ತು. ಮಾರ್ಕೋವ್ ಅಕಾಡೆಮಿಯಲ್ಲಿ ಬೇರೆಯದೇ ಸಮಾರಂಭ ಏರ್ಪಡಿಸಿದರು: ದೊಡ್ಡ ಸಂಖ್ಯೆಗಳ ನಿಯಮಕ್ಕೆ ಇನ್ನೂರು ವರ್ಷ!

ಆ ಸರಪಳಿ ಈಗ ಎಲ್ಲೆಲ್ಲಿ ಹೋಗಿ ಸೇರಿದೆ ನೋಡಿ. ವೈಫೈಯಲ್ಲಿ ಎರಡು ಫೋನು ಒಟ್ಟಿಗೆ ಮಾತಾಡಿದರೆ ಪ್ಯಾಕೆಟ್‌ಗಳು ಡಿಕ್ಕಿ ಹೊಡೀತವೆ. ಆಗ ಪ್ರತಿ ಫೋನೂ ಇಷ್ಟು ಹೊತ್ತು ಅಂತ ಲಾಟರಿ ಎತ್ತಿ ಕಾಯುತ್ತದೆ. ಮತ್ತೆ ಡಿಕ್ಕಿಯಾದರೆ ಕಾಯುವ ಮಿತಿ ದುಪ್ಪಟ್ಟು. ಇಟಲಿಯ ಜುಸೆಪ್ಪೆ ಬಿಯಾಂಕಿ 2000ದಲ್ಲಿ ಇದನ್ನು ಮಾರ್ಕೋವ್ ಚೈನ್ ಆಗಿ ಬರೆದರು. ಎಷ್ಟನೇ ಪ್ರಯತ್ನ, ಇನ್ನೆಷ್ಟು ಕಾಯಬೇಕು, ಈ ಎರಡು ಗೊತ್ತಿದ್ದರೆ ಸಾಕು. ಬಳಕೆದಾರರು ಹೆಚ್ಚಾದಂತೆ ನೆಟ್‌ವರ್ಕಿನ ವೇಗ ಎಷ್ಟು ಕುಸಿಯುತ್ತದೆ ಅಂತ ಲೆಕ್ಕ ಸಿಗುತ್ತದೆ. ಎಷ್ಟನೇ ಪ್ರಯತ್ನವಾದರೂ ಡಿಕ್ಕಿಯ ಸಂಭವನೀಯತೆ ಒಂದೇ ಅನ್ನೋ ಊಹೆ ಅದರೊಳಗಿದೆ. ಹಾಸ್ಟೆಲ್ಲಿನ ವೈಫೈ ರಾತ್ರಿ ಯಾಕೆ ತೆವಳುತ್ತೆ ಅನ್ನೋದಕ್ಕೆ ಉತ್ತರದ ಒಂದು ಭಾಗವೂ ಇಲ್ಲಿದೆ.

ಡೈನೋಸಾರ್ ಕಥೆ ಇದಕ್ಕಿಂತ ಸೊಗಸು. ಹತ್ತೇ ಹತ್ತು ಪ್ರಭೇದಗಳಿದ್ದರೂ ಅವುಗಳ ವಂಶವೃಕ್ಷವನ್ನು 3,44,59,425 ರೀತಿಯಲ್ಲಿ ಬರೆಯಬಹುದು. ನೂರು ಪ್ರಭೇದಗಳಾದರೆ ಎಲ್ಲವನ್ನೂ ಪರೀಕ್ಷಿಸೋ ಮಾತೇ ಇಲ್ಲ. ಆದ್ದರಿಂದ ಸಂಶೋಧಕರು ಒಂದು ವೃಕ್ಷದಿಂದ ಶುರುಮಾಡಿ, ಒಂದು ಕೊಂಬೆ ಸ್ವಲ್ಪ ಬದಲಿಸಿ, ಪಕ್ಕದ ವೃಕ್ಷಕ್ಕೆ ಹೋಗಬೇಕೋ ಬೇಡವೋ ಅಂತ ಸಂಭವನೀಯತೆಯ ಪ್ರಕಾರ ತೀರ್ಮಾನಿಸುತ್ತಾ ಲಕ್ಷಾಂತರ ಹೆಜ್ಜೆ ನಡೀತಾರೆ. ಈ ನಡಿಗೆ ಯಾವ ವೃಕ್ಷದಲ್ಲಿ ಹೆಚ್ಚು ಹೊತ್ತು ಕಳೆಯುತ್ತದೋ ಅದು ಹೆಚ್ಚು ಸಂಭವನೀಯ. ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಗೆ ಅಂಟಿಕೊಂಡಿದೆ, ಸ್ವತಂತ್ರವಲ್ಲ. ಆದರೂ ಎಣಿಸಿದ ಸರಾಸರಿಯನ್ನು ನಂಬಬಹುದು. ಯಾಕೆ? 1906ರ ಆ ಜಗಳದ ಉತ್ತರವೇ ಇಲ್ಲಿಗೆ ಬುನಾದಿ. 2014ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಲೀ ಮತ್ತು ಸಂಗಡಿಗರು ಇಂಥ ವಿಧಾನದಿಂದ 120 ಪ್ರಭೇದಗಳ 1,549 ಲಕ್ಷಣಗಳನ್ನು ಪರಿಶೀಲಿಸಿದರು. ಹಕ್ಕಿಗಳ ಪೂರ್ವಜರಾದ ಡೈನೋಸಾರ್‌ಗಳು ಐದು ಕೋಟಿ ವರ್ಷಗಳಲ್ಲಿ 163 ಕಿಲೋದಿಂದ ಒಂದು ಕಿಲೋಗಿಂತ ಕಡಿಮೆ ತೂಕಕ್ಕೆ ಬಿಡದೆ ಕುಗ್ಗುತ್ತಾ ಬಂದವು ಅಂತ ಅವರ ಅಂದಾಜು.

ಮೂರನೆಯದು ಸಾಲ. ಗ್ರಾಹಕರ ಬಾಕಿಯಲ್ಲಿ ಎಷ್ಟು ಮುಳುಗಬಹುದು ಅಂತ ಅಂದಾಜಿಸಲು ಮಾರ್ಕೋವ್ ಚೈನ್ ಬಳಸಿದ ಲೇಖನ 1962ರಲ್ಲೇ ಬಂದಿತ್ತು. ಇವತ್ತಿನ ಆನ್‌ಲೈನ್ ಸಾಲದ ಸಂಶೋಧನೆಯಲ್ಲೂ ಅದೇ ಚೌಕಟ್ಟು ಸಿಗುತ್ತದೆ: ಕಂತು ಸರಿಯಾಗಿದೆ, 30 ದಿನ ತಡ, 60 ದಿನ ತಡ, 90 ದಾಟಿದರೆ ಕೆಟ್ಟ ಸಾಲ. ಈ ತಿಂಗಳು ಯಾವ ಡಬ್ಬಿಯಲ್ಲಿದ್ದೀರಿ ಅನ್ನೋದರ ಮೇಲೆ ಮುಂದಿನ ತಿಂಗಳ ಲೆಕ್ಕ. ಇಲ್ಲಿ ನಮಗೆ ಸ್ವಲ್ಪ ಕಸಿವಿಸಿ. ನಾಲ್ಕು ವರ್ಷ ತಪ್ಪದೆ ಕಟ್ಟಿ ಈ ತಿಂಗಳು ಸಂಬಳ ತಡವಾದವನೂ, ಮೊದಲಿಂದಲೂ ಎಳೆದಾಡುತ್ತಿರುವವನೂ ಒಂದೇ ಡಬ್ಬಿಯಲ್ಲಿ ಕೂರ್ತಾರೆ. ಪ್ಯಾಕೆಟ್ಟಿಗೆ ಹಿಂದಿನ ಕಥೆ ಇಲ್ಲ ಅಂದರೆ ಯಾರಿಗೂ ನಷ್ಟವಿಲ್ಲ, ಮನುಷ್ಯನಿಗೆ ಹಾಗಲ್ಲವಲ್ಲ. ಡಬ್ಬಿಗಳ ಸಂಖ್ಯೆ ಹೆಚ್ಚಿಸಿ, ಹಳೆಯ ಇತಿಹಾಸವನ್ನೂ ಸೇರಿಸಿ ಇದನ್ನು ಸರಿಪಡಿಸಬಹುದು, ಸಂಶೋಧಕರು ಮಾಡುತ್ತಲೂ ಇದ್ದಾರೆ. ಷರತ್ತು ಪೂರೈಸಿದೆಯಾ ಅಂತ ನೋಡದೆ ಪ್ರಮೇಯ ಬಳಸುವವರನ್ನು ಮಾರ್ಕೋವ್ ಸುಮ್ಮನೆ ಬಿಡುತ್ತಿರಲಿಲ್ಲ ಅಂತ ನಮಗನಿಸುತ್ತದೆ. ನೆಕ್ರಾಸೋವ್ ಮೇಲೆ ಅವರು ಹರಿಹಾಯ್ದದ್ದೂ ಇಂಥದ್ದಕ್ಕೇ.

ಇದ್ಯಾವುದನ್ನೂ ಅವರು ಕಾಣಲಿಲ್ಲ. 1917ರಲ್ಲಿ ಕ್ರಾಂತಿಯ ಹೊತ್ತಿಗೆ ಜರಾಯ್ಸ್ಕ್ ಅನ್ನೋ ಸಣ್ಣ ಊರಿಗೆ ಹೋಗಿ, ಅಲ್ಲಿನ ಶಾಲೆಯಲ್ಲಿ ಸಂಬಳವಿಲ್ಲದೆ ಮಕ್ಕಳಿಗೆ ಗಣಿತ ಹೇಳಿದರು. ಮರಳಿ ಬಂದಾಗ ಪೆಟ್ರೋಗ್ರಾಡಿನಲ್ಲಿ ಅನ್ನಕ್ಕೂ ಬಟ್ಟೆಗೂ ಬರ. ಕಣ್ಣಿಗೆ ಗ್ಲಾಕೋಮಾ ಶಸ್ತ್ರಚಿಕಿತ್ಸೆ ಆಗಿತ್ತು, ನಿಲ್ಲಲು ತ್ರಾಣ ಸಾಲದಿದ್ದರೂ ಸಂಭವನೀಯತೆಯ ಪಾಠ ಬಿಡಲಿಲ್ಲ. 1921ರ ಮಾರ್ಚಿನಲ್ಲಿ, ಕಾಲಿಗೆ ಬೂಟಿಲ್ಲದ್ದರಿಂದ ಸಭೆಗೆ ಬರಲಾರೆ ಅಂತ ಅಕಾಡೆಮಿಗೆ ತಿಳಿಸಿದರು. ಹೇಗೋ ಒಂದು ಜೊತೆ ಹೊಂದಿಸಿ ಕಳಿಸಿದರು. ಹೊಲಿಗೆ ಕೆಟ್ಟದಾಗಿತ್ತು, ಅಳತೆಯೂ ಕೂಡುತ್ತಿರಲಿಲ್ಲ. ಈ ಕಾಲದ ಕರಕುಶಲತೆಯ ಮಾದರಿಯಾಗಿ ಇದನ್ನು ಮ್ಯೂಸಿಯಮ್ಮಿನಲ್ಲಿಡಿ, ನಾನಂತೂ ಇನ್ನೂ ಬರಲಾರೆ ಅನ್ನೋ ಅರ್ಥದ ಉತ್ತರ ಹೋಯಿತು. ಅರವತ್ತೈದರ ಹತ್ತಿರ ಬಂದರೂ ಉಗ್ರ ಆಂದ್ರೇ ಹಾಗೇ ಇದ್ದರು.

ಕೊನೆಗೆ ಕಾಲೇ ಅವರನ್ನು ಕೆಡವಿತು. ರಕ್ತನಾಳದ ಊತಕ್ಕೆ ಶಸ್ತ್ರಚಿಕಿತ್ಸೆಗಳಾದವು, ನಂಜೇರಿತು, 1922ರ ಜುಲೈ 20ರಂದು ತೀರಿಕೊಂಡರು. ತಂದೆಯ ಹೆಸರನ್ನೇ ಹೊತ್ತ ಮಗ ಆಂದ್ರೇ ಆಗಿನ್ನೂ ಹದಿಹರೆಯದವರು, ಮುಂದೆ ಅವರೂ ಗಣಿತಜ್ಞರಾದರು. ಸಂಭವನೀಯತೆಯ ಪಠ್ಯಪುಸ್ತಕದ ನಾಲ್ಕನೇ ಆವೃತ್ತಿಯನ್ನು ಮಾರ್ಕೋವ್ ಕೊನೆಯ ದಿನಗಳವರೆಗೂ ತಿದ್ದುತ್ತಿದ್ದರು. ಅದು ಅಚ್ಚಾಗಿ ಬಂದದ್ದು 1924ರಲ್ಲಿ.